ಇಬ್ಬರ ಹಾಜರಿ

ಹನಗೋಡು, ಆಗಸ್ಟ್ ೧೯೯೭

ಪುಟ್ಟತಾಯಿ,

ಇವತ್ತು ಮೈಸೂರಿನ ಬಿ.ಎಡ್ ತರಗತಿಗೆ ಮತ್ತೆ ಹೋಗಿದ್ದೆ. ಮೇಷ್ಟ್ರು ನಿನ್ನ ಹೆಸರು ಕೂಗಿದರು. ನೀನು ತೀರಿಹೋಗಿ ತಿಂಗಳಾದರೂ ಅವರಿಗೆ ಯಾರೂ ಹೇಳಿಲ್ಲ.

ಮನೆಯಲ್ಲೇ ಓದುವ ಕೋರ್ಸು, ಖರ್ಚಿಲ್ಲ ಎಂದು ನಂಬಿ ಸೇರಿದ್ದೆವು. ಮೈಸೂರಿನಲ್ಲಿ ರೂಮು ಹಿಡಿದು ವಾರಗಟ್ಟಲೆ ತರಗತಿಗೆ ಕೂರಬೇಕೆಂದು ಗೊತ್ತಾದದ್ದು ಫೀಸು ಕಟ್ಟಿದ ಮೇಲೆ. ಅದೂ ಹೊಗೆಸೊಪ್ಪು ಮುರಿಯುವ ಕಾಲದಲ್ಲಿ. ಇಬ್ಬರ ಕೈಯಲ್ಲಿ ಸೇರಿ ಒಬ್ಬರ ಖರ್ಚಿಗಾಗುವಷ್ಟೇ ಇತ್ತು. ನೀನು ನಕ್ಕುಬಿಟ್ಟೆ.

"ಮುಯ್ಯಾಳು ಮಾಡ್ಕಳಣ ಬುಡು. ಈ ವಾರ ನೀನೋಗಿ ಇಬ್ಬರ್ದೂ ಹಾಜರಿ ಕೂಗು, ನಿಮ್ಮೊಲದ ಕೆಲ್ಸ ನಾನ್ ಮಾಡ್ತೀನಿ. ಮುಂದಿನ ವಾರ ನಾನೋಯ್ತೀನಿ, ನಮ್ಮೊಲಕ್ಕೆ ನೀನ್ ಬಾ ಕಣೇ."

ನಮ್ಮ ಹೊಲದಲ್ಲಿ ನಿನಗೆ ಹಾವು ಕಚ್ಚಿದ ಬೆಳಿಗ್ಗೆ, ನಾನು ಮೈಸೂರಿನ ತರಗತಿಯಲ್ಲಿ ನಿನ್ನ ಹೆಸರಿಗೆ ಓಗೊಡುತ್ತಿದ್ದೆ.

ಇವತ್ತು ನಿಜ ಹೇಳಿಬಿಡೋಣ ಎಂದೇ ಎದ್ದು ನಿಂತೆ. ಬಾಯಿಗೆ ಬಂದದ್ದು "ಪ್ರೆಸೆಂಟ್ ಸಾರ್". ಮೇಷ್ಟ್ರು ತಲೆ ಎತ್ತದೆ ಗುರುತು ಹಾಕಿಕೊಂಡರು.

ಸಂಜೆಯ ಬಸ್ಸಿಗೇ ಊರಿಗೆ ಬಂದುಬಿಟ್ಟೆ. ನಾಳೆಯಿಂದ ಇಬ್ಬರದೂ ಗೈರುಹಾಜರಿ ಕಣೇ. ನಿಮ್ಮ ಹೊಲದಲ್ಲಿ ಸೊಪ್ಪು ಹಣ್ಣಾಗಿ ನಿಂತಿದೆ. ಮುರಿಯಲು ನಿಮ್ಮವ್ವ ಒಬ್ಬರೇ ಇದ್ದಾರೆ.