ಒಂದು ಮೇಜು, ಒಂದು ಚೀಟಿ

ದೇರೆಬೈಲ್, ಮಂಗಳೂರು
20-11-2025

ಪ್ರೀತಿಯ ಮಾವನಿಗೆ ವಿನೀತನ ನಮಸ್ಕಾರಗಳು.

ಮಾವಾ, ಹೇಗಿದ್ದೀರಿ? ಮೊಣಕಾಲಿನ ಬಾವು ಇಳಿಯಿತೇ? ನೀವು ಕಿವಿಯ ಮಿಷನ್ ತೆಗೆದು ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೀರಿ ಎಂದು ತೃಷಾ ಕಳೆದ ವಾರ ಫೋನಿನಲ್ಲಿ ದೂರು ಹೇಳಿದಳು. ಹಾಕಿಕೊಳ್ಳಿ ಎಂದರೆ "ಈ ಮುಂಬಯಿಯಲ್ಲಿ ಕೇಳುವಂಥದ್ದು ಎಂತ ಉಂಟು" ಎಂದು ಮಗಳ ಜೊತೆ ಜಗಳಕ್ಕೆ ಹೋಗುತ್ತೀರಂತೆ. ಬಹಳ ದಿನಗಳ ಮೇಲೆ ನಾನು ನಕ್ಕದ್ದು ಅಂದು. ಕಣ್ಣಿನ ಆಪರೇಷನ್ ಆದ ಮೇಲೆ ನಿಮ್ಮ ದೃಷ್ಟಿ ನಮ್ಮೆಲ್ಲರಿಗಿಂತ ಚುರುಕಾಗಿದೆಯಂತೆ, ಅದು ದೊಡ್ಡ ಸಮಾಧಾನ. ಫೋನಿನಲ್ಲಿ ನಿಮಗೆ ಕೇಳುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಅದು ತೃಷಾಳ ಕೈಗೆ ಬರುತ್ತದೆ, ಅವಳಿಗೆ ಕನ್ನಡ ಓದಲು ಬಾರದು, ಯಾರಿಂದಲಾದರೂ ಓದಿಸುತ್ತಾಳೆ. ಈ ವಿಷಯ ಮಾತ್ರ ನಿಮ್ಮೊಬ್ಬರಿಗೆ ತಿಳಿದರೆ ಸಾಕು. ಆದ್ದರಿಂದ ಕಾಗದ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಕುಶಲಕ್ಕ ಫ್ಯಾಕ್ಟರಿಗೆ ಹೋಗದೆ ಇವತ್ತಿಗೆ ಒಂಬತ್ತು ದಿನ. ರಜೆಯಲ್ಲ, ಜ್ವರವೂ ಅಲ್ಲ. ಇನ್ನು ಬರುವುದು ಬೇಡ ಎಂದು ಹೇಳಿದ್ದಾರೆ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ, ಭಾವ ಬಿಟ್ಟುಹೋದ ಮೇಲೆ ಮೂಲೆ ಹಿಡಿದು ಕೂತಿದ್ದವಳನ್ನು ನೀವೇ ಕೈಹಿಡಿದು ಕರೆದುಕೊಂಡು ಹೋಗಿ ಗೇರುಬೀಜ ವಿಂಗಡಿಸುವ ಹಾಲ್‌ನಲ್ಲಿ ಮೂರನೇ ಮೇಜಿನ ಕಿಟಕಿ ಪಕ್ಕ ಕೂರಿಸಿದಿರಿ. ಆ ಜಾಗ ಹೋಯಿತು. ಹೋಗುವಂತೆ ಮಾಡಿದವನು ನಾನು.

ಇದನ್ನು ಬರೆಯಲು ನನಗೆ ಮೂರು ಹಾಳೆ ಹಿಡಿಯಿತು. ಮೊದಲ ಎರಡನ್ನು ಹರಿದು ಹಾಕಿದೆ, ಯಾಕೆಂದರೆ ಎರಡರಲ್ಲೂ ತಪ್ಪು ಕಂಪ್ಯೂಟರಿನದು ಎಂದು ಬರೆದಿದ್ದೆ.

ಜೂನ್ ತಿಂಗಳಲ್ಲಿ ತುಷಾರ್ ದಣಿಗಳು ನಮ್ಮನ್ನೆಲ್ಲ ಆಫೀಸಿಗೆ ಕರೆದು, ಇನ್ನು ಮುಂದೆ ಇಡೀ ಫ್ಯಾಕ್ಟರಿಯ ಲೆಕ್ಕ ಇಆರ್‌ಪಿ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆಯುತ್ತದೆ ಎಂದರು. ನಿಮ್ಮ ಕಾಲದ ದೊಡ್ಡ ದಣಿಗಳ ಮೊಮ್ಮಗ ಅವರು, ಒಳ್ಳೆಯವರೇ. ಕಲಿಸಲು ಬಜಪೆಯ ಶೆರ್ವಿನ್ ಎಂಬ ಯುವಕನನ್ನು ಗೊತ್ತುಮಾಡಿದರು. ಅವನಿಗೆ ಮೂವತ್ತೂ ಇರಲಿಕ್ಕಿಲ್ಲ. ಐವತ್ತೊಂದರ ನಾನು ಸ್ಟೋರ್ಸಿನ ನಾಲ್ಕು ಜನರ ಜೊತೆ ಅವನ ಎದುರು ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತೆ. ನಿಜ ಹೇಳುತ್ತೇನೆ ಮಾವಾ, ಮೊದಲ ವಾರದಲ್ಲೇ ನನಗೆ ಅದರ ಹುಚ್ಚು ಹಿಡಿಯಿತು. ನೀವು ಸ್ಟೋರ್ಸ್ ನೋಡುತ್ತಿದ್ದಾಗಿನ ಏಳು ರಿಜಿಸ್ಟರ್ ನೆನಪುಂಟಲ್ಲ? ಖರೀದಿಗೆ ಒಂದು, ಗೋಣಿ ಬಂದದ್ದಕ್ಕೆ ಒಂದು, ಬೇಯಿಸುವಲ್ಲಿ ಒಂದು, ಸಿಪ್ಪೆ ತೆಗೆಯುವಲ್ಲಿ ಒಂದು, ಹೀಗೆ. ಶನಿವಾರ ಏಳನ್ನೂ ಒಟ್ಟಿಗೆ ಹರಡಿ ತಾಳೆ ನೋಡುವಾಗ ನಿಮ್ಮ ಬಿಪಿ ಏರುತ್ತಿತ್ತು. ಈಗ ಹಾಗಲ್ಲ. ಗೇಟಿನಲ್ಲಿ ಗೋಣಿ ತೂಗಿ ಒಮ್ಮೆ ನಮೂದಿಸಿದರೆ ಸಾಕು. ಸ್ಟೋರ್ಸಿನಲ್ಲಿ ದಾಸ್ತಾನು ತಾನಾಗಿ ಏರುತ್ತದೆ, ಅಕೌಂಟ್ಸಿನವರಿಗೆ ಬಿಲ್ಲು ಹೋಲಿಸಲು ಕಾಣುತ್ತದೆ, ನಾಳೆ ಎಷ್ಟು ಬೇಯಿಸಬಹುದು ಎಂದು ಬಾಯ್ಲರಿನವನಿಗೆ ತಿಳಿಯುತ್ತದೆ. ಕೊನೆಗೆ ಡಬ್ಬ ಸೀಲ್ ಆಗಿ ಬಂದರಿಗೆ ಹೋಗುವಾಗ, ಅದರೊಳಗಿನ ತಿರುಳು ಯಾವ ಗೋಣಿಯದ್ದೆಂದು ಕೂತಲ್ಲಿಂದಲೇ ಹೇಳಬಹುದು. ನೀವು ಇದ್ದಿದ್ದರೆ ನೋಡಿ ಕುಣಿಯುತ್ತಿದ್ದಿರಿ.

ಮೂರನೇ ವಾರ ಶೆರ್ವಿನ್ ಗೋಡೆಯ ಉದ್ದಕ್ಕೂ ಕಂದು ಕಾಗದ ಅಂಟಿಸಿ ನಮ್ಮ ಕೆಲಸವನ್ನೆಲ್ಲ ಚೌಕ ಚೌಕವಾಗಿ ಬರೆಯತೊಡಗಿದ. ಪ್ರತಿ ಚೌಕಕ್ಕೂ ಅವನದು ಮೂರೇ ಪ್ರಶ್ನೆ: ಎಂತ ಬರ್ತದೆ, ಎಂತ ಹೋಗ್ತದೆ, ಮಾಡುವುದು ಯಾರು. ವಿಂಗಡಣೆಯ ಚೌಕಕ್ಕೆ ಬಂದಾಗ "ಇದು ಯಾರು ಮಾಡುವುದು ಸರ್?" ಎಂದು ನನ್ನನ್ನು ಕೇಳಿದ. "ಮೇಜು" ಎಂದೆ. ನೀವು ಕಲಿಸಿದ್ದೇ ಹಾಗಲ್ಲವೇ? ಆರು ಮೇಜು, ಮೇಜಿಗೆ ಆರು ಹೆಂಗಸರು, ಸಂಜೆ ಮೇಜಿಗೆ ಒಂದೇ ಲೆಕ್ಕದ ಚೀಟಿ. ನಾನು ಸೇರಿದ ಮೊದಲ ದಿನವೇ ನೀವು ಹೇಳಿದ್ದಿರಿ, "ಚೀಟಿಯಲ್ಲಿ ಮೇಜಿನ ನಂಬರ್ ಬರಿ, ಮನುಷ್ಯರ ಹೆಸರು ಬೇಡ." ಶೆರ್ವಿನ್ ಪೆನ್ನು ಎತ್ತಿ ಹಿಡಿದು "ಮೇಜು ಹೇಗೆ ವಿಂಗಡಿಸ್ತದೆ ಸರ್?" ಎಂದ. ಎಲ್ಲರೂ ನಕ್ಕರು. ಅವನು ಲೇವಡಿ ಮಾಡಲು ಕೇಳಿದ್ದಲ್ಲ. ಆದರೆ ನನಗೆ ಕಿವಿಯೆಲ್ಲ ಬಿಸಿಯಾಯಿತು. ಇಪ್ಪತ್ತೇಳು ವರ್ಷ ಕೆಲಸ ಮಾಡಿದವನಿಗೆ ತನ್ನ ಕೆಲಸ ಯಾರು ಮಾಡುತ್ತಾರೆಂದೇ ಗೊತ್ತಿಲ್ಲವೇ ಎಂದು ದಣಿಗಳು ಯೋಚಿಸಿರಬಹುದು ಎಂದುಕೊಂಡೆ. ನೀವು ಯಾಕೆ ಹಾಗೆ ಹೇಳಿದ್ದಿರಿ ಎಂದು ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಕಾಗದ ಉಳಿಸಲು ಇರಬೇಕು ಎಂದುಕೊಂಡಿದ್ದೆ. ಎಂಥ ದಡ್ಡ ನಾನು.

ಆ ಭಾನುವಾರ ಮನೆಯಲ್ಲಿ ಕೂತು ಮೂವತ್ತಾರು ಹೆಂಗಸರ ಹೆಸರು ಪಟ್ಟಿ ಮಾಡಿದೆ. ಒಬ್ಬೊಬ್ಬರಿಗೆ ಒಂದು ನಂಬರ್, ಒಬ್ಬೊಬ್ಬರ ಟ್ರೇಗೆ ಆ ನಂಬರಿನ ಸ್ಟಿಕರ್, ಟ್ರೇ ತುಂಬಿದಾಗ ಸ್ಕ್ಯಾನ್ ಮಾಡಿ ಮಾದರಿ ತೆಗೆದು ಪರೀಕ್ಷೆ. ಎಲ್ಲ ನನ್ನದೇ ತಲೆ. ಸೋಮವಾರ ಅದನ್ನು ಕಂದು ಕಾಗದದ ಮೇಲೆ ಬಿಡಿಸಿ ತೋರಿಸಿದಾಗ ದಣಿಗಳು "ವಿನೀತಣ್ಣ, ನೀವು ಇಷ್ಟು ಸಮಯ ಎಲ್ಲಿ ಅಡಗಿ ಕೂತಿದ್ರಿ ಮಾರಾಯ್ರೆ" ಎಂದು ಬೆನ್ನು ತಟ್ಟಿದರು. ಆ ಮಾತು ತಲೆಗೇರಿತು. ಶೆರ್ವಿನ್ ಎಲ್ಲ ಚೌಕಗಳನ್ನೂ ಪುಸ್ತಕ ಮಾಡಿ ತಂದಾಗ ವಿಂಗಡಣೆಯ ಪುಟದಲ್ಲಿ, ಈ ಕೆಲಸದ ಹೊಣೆಗಾರ ಎಂದು ಇದ್ದಲ್ಲಿ ನಾನು ಸಹಿ ಹಾಕಿದೆ. ಅಕ್ಕನ ನೆನಪು ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಅದನ್ನೂ ಮುಚ್ಚಿಡುವುದಿಲ್ಲ. ಅಕ್ಕನ ಕಣ್ಣು ಸಕ್ಕರೆ ಕಾಯಿಲೆಯಿಂದ ಹಾಳಾಗಿ ನಾಲ್ಕು ವರ್ಷವಾಯಿತು. ಎಡಗಣ್ಣು ಇನ್ನು ಸರಿಯಾಗುವುದಿಲ್ಲ, ಬಲಗಣ್ಣು ಅರ್ಧ ಎಂದು ಡಾಕ್ಟರ್ ನಮ್ಮಿಬ್ಬರ ಎದುರಿಗೇ ಹೇಳಿದ್ದಾರೆ. ಅವಳು ಮಾತ್ರ "ಕನ್ನಡಕದ ನಂಬರ್ ಬದಲಾಗಿದೆ ಅಷ್ಟೆ" ಎನ್ನುತ್ತಾಳೆ. ಒಂದು ಕಾಲದಲ್ಲಿ ಪೌಂಡಿಗೆ ನೂರ ಎಂಬತ್ತು ಬರುವ ದೊಡ್ಡ ತಿರುಳನ್ನೂ ಇನ್ನೂರ ಹತ್ತು ಬರುವುದನ್ನೂ ಬರಿಗಣ್ಣಿನಲ್ಲಿ ಬೇರೆ ಮಾಡಿ ವಿದೇಶದ ಗಿರಾಕಿಗಳ ಬಾಯಿ ಮುಚ್ಚಿಸಿದವಳು ಅಕ್ಕ. ಈಗ ದೊಡ್ಡದು ಸಣ್ಣದು ಎಲ್ಲ ಒಂದೇ ಟ್ರೇಗೆ ಬೀಳುತ್ತಿದ್ದವು. ಪಕ್ಕದಲ್ಲಿ ಕೂರುವ ಯಶ್ಮಿತಾ ಮಾತಾಡುತ್ತ ಆಡುತ್ತ ಕೈ ಚಾಚಿ ತಪ್ಪು ಬಿದ್ದದ್ದನ್ನು ಹೆಕ್ಕಿ ಸರಿಯಾದ ಟ್ರೇಗೆ ಹಾಕುತ್ತಿದ್ದಳು. ಉಳಿದ ನಾಲ್ವರೂ ಹಾಗೆಯೇ. ಮೇಜಿಗೆ ಒಂದೇ ಚೀಟಿಯಾದ್ದರಿಂದ ಯಾರಿಗೂ ನಷ್ಟವಿರಲಿಲ್ಲ. ಅಕ್ಕನಿಗೆ ಅದು ಗೊತ್ತೇ ಆಗಿರಲಿಲ್ಲ. ಸ್ಟಿಕರ್ ಹಾಕಿದರೂ ಯಶ್ಮಿತಾ ಹೇಗೂ ನೋಡಿಕೊಳ್ಳುತ್ತಾಳೆ ಎಂದುಕೊಂಡು ನಾನು ಸಹಿ ಹಾಕಿದ್ದು.

ಅಕ್ಟೋಬರ್ ಕೊನೆಗೆ ಹೊಸ ವ್ಯವಸ್ಥೆ ಶುರುವಾಯಿತು. ನಾಲ್ಕನೇ ದಿನ ಯಶ್ಮಿತಾ ಸ್ಟೋರ್ಸಿನ ಬಾಗಿಲಿಗೆ ಬಂದು ನಿಂತಳು. "ಅಣ್ಣಾ, ಅಕ್ಕನ ಟ್ರೇ ಸರಿ ಮಾಡ್ಲಿಕ್ಕೆ ಹೋದ್ರೆ ನನ್ನ ಟ್ರೇ ತುಂಬುವುದಿಲ್ಲ. ಟಿವಿಯಲ್ಲಿ ನನ್ನ ನಂಬರ್ ಕೆಳಗೆ ಬರ್ತಾ ಉಂಟು. ನಾನು ಎಂತ ಮಾಡುವುದು?" ಹಾಲ್‌ನ ಗೋಡೆಯಲ್ಲಿ ಈಗ ದೊಡ್ಡ ಟಿವಿಯುಂಟು, ಯಾರು ಎಷ್ಟು ಸರಿಯಾಗಿ ಆರಿಸಿದರು ಎಂಬ ಲೆಕ್ಕದಂತೆ ಮೂವತ್ತಾರು ನಂಬರುಗಳು ಮೇಲೆ ಕೆಳಗೆ ಓಡಾಡುತ್ತವೆ. ಅವಳಿಗೂ ಇಬ್ಬರು ಮಕ್ಕಳು. ಮರುದಿನದಿಂದ ಅವಳು ಕೈ ಚಾಚುವುದನ್ನು ನಿಲ್ಲಿಸಿದಳು. ಅಕ್ಕನ ನಂಬರ್ ಹದಿನೇಳು ಕೆಂಪಾಗಿ ಎಲ್ಲದರ ಕೆಳಗೆ ಹೋಗಿ ಕೂತಿತು, ಮತ್ತೆ ಮೇಲೆ ಬರಲೇ ಇಲ್ಲ. ಹನ್ನೆರಡನೇ ದಿನ ದಣಿಗಳು ಅಕ್ಕನನ್ನು ಕರೆದು ಕುರ್ಚಿ ಕೊಟ್ಟು, ಚಹಾ ತರಿಸಿ, "ಕುಶಲಕ್ಕ, ಇನ್ನು ನೀವು ರೆಸ್ಟ್ ಮಾಡಿ" ಎಂದರಂತೆ. ಕೊಡಬೇಕಾದದ್ದನ್ನೆಲ್ಲ ಕೊಟ್ಟಿದ್ದಾರೆ, ಅದರಲ್ಲಿ ದೂರಿಲ್ಲ. ಬೈದಿದ್ದರೆ ನಾನು ಹೋಗಿ ಜಗಳವಾದರೂ ಆಡಬಹುದಿತ್ತು.

ನಾನು ಶೆರ್ವಿನ್ ಹತ್ತಿರ ಹೋಗಿ, ಮೊದಲಿನ ಹಾಗೆ ಮೇಜಿಗೇ ಲೆಕ್ಕ ಹಿಡಿಯುವಂತೆ ಮಾಡಿಕೊಡು ಎಂದು ಕೈಮುಗಿದೆ. "ಮಾಡಬಹುದು ಸರ್, ಬದಲಾವಣೆಯ ಅರ್ಜಿ ಹಾಕಿ. ಕಾರಣ ಬರೀಬೇಕು, ಅಷ್ಟೆ" ಎಂದು ಆ ಪುಟ ತೆರೆದುಕೊಟ್ಟ. ಕಾರಣ ಎಂದು ಒಂದು ಖಾಲಿ ಜಾಗ. ಅರ್ಧ ಗಂಟೆ ಅದರ ಮುಂದೆ ಕೂತಿದ್ದೆ. ನಿಜ ಬರೆದರೆ ನಾಲ್ಕು ವರ್ಷ ಅಕ್ಕನ ಕೆಲಸವನ್ನು ಬೇರೆಯವರು ಮಾಡಿದ್ದಾರೆ ಎಂದಾಗುತ್ತದೆ, ಯಶ್ಮಿತಾಳಿಂದ ಹಿಡಿದು ಐದು ಜನರ ಮೇಲೆ ಬರುತ್ತದೆ. ಸುಳ್ಳು ಬರೆಯೋಣವೆಂದರೆ ಯಾವ ಸುಳ್ಳೂ ಆ ಜಾಗಕ್ಕೆ ಹೊಂದಲಿಲ್ಲ. ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ. ಶೆರ್ವಿನ್ ಪಾಪ, ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ, "ಸಿಸ್ಟಮಿನಲ್ಲಿ ತಪ್ಪಿಲ್ಲ ಸರ್. ನೀವು ಹೇಳಿಕೊಟ್ಟದ್ದನ್ನೇ ಅದು ಮಾಡ್ತಾ ಉಂಟು." ಪುಟ ಮುಚ್ಚಿ ಎದ್ದು ಬಂದೆ.

ಆರು ತಿಂಗಳು ಕೂತು ನಾನು ಕಲಿತದ್ದು ಇಷ್ಟೇ ಮಾವಾ. ನಾವು ಹೇಳಿದ ಕೆಲಸಕ್ಕೆಲ್ಲ ಆ ಯಂತ್ರ ಆಸರೆಯಾಗಿ ನಿಲ್ಲುತ್ತದೆ. ಯಶ್ಮಿತಾ ಕೈ ಚಾಚುವುದೂ ಒಂದು ಕೆಲಸ ಎಂದು ನಾನು ಹೇಳಲಿಲ್ಲ, ಅದಕ್ಕೊಂದು ಚೌಕ ಬಿಡಿಸಲಿಲ್ಲ. ನೀವು ಅದನ್ನು ಏಳು ರಿಜಿಸ್ಟರುಗಳ ಹೊರಗೆ ಬೇಕೆಂದೇ ಇಟ್ಟಿದ್ದಿರಿ ಎಂದು ಈಗ ಅರ್ಥವಾಗುತ್ತದೆ. ಆವಾಗ ಯಾರನ್ನು ಉಳಿಸಲು ಆ ನಿಯಮ ಮಾಡಿದ್ದಿರಿ? ಗೇರುಬೀಜದ ಸಿಪ್ಪೆಯ ಸುಡುವ ಎಣ್ಣೆಗೆ ಬೆರಳು ಸುಟ್ಟುಕೊಂಡು ಕೈ ನಿಧಾನವಾದ ಯಾರೋ ಒಬ್ಬಳು ಇದ್ದಿರಬೇಕು. ತಿಳಿಯದೆ ಅದನ್ನು ನಾನು ಮುರಿದೆ. ಒಂದು ತರಗತಿಯಲ್ಲಿ ನಾಲ್ಕು ಜನ ನಕ್ಕರು ಎಂಬ ಕಾರಣಕ್ಕೆ.

ಅಕ್ಕನಿಗೆ ಇದು ಯಾವುದೂ ತಿಳಿಯದು. ಆ ಟಿವಿಯಲ್ಲಿ ಏನು ಬರುತ್ತಿತ್ತು ಎಂದು ಅವಳಿಗೆ ಕಾಣುತ್ತಿರಲಿಲ್ಲ. "ಆ ಹುಡುಗ ಎಂತದೋ ತಪ್ಪು ಒತ್ತಿದ್ದಾನೆ. ಕಂಪ್ಯೂಟರಿಗೆ ಕಣ್ಣುಂಟಾ? ನೀನು ದಣಿಗಳಿಗೆ ಹೇಳು ಮಾರಾಯ, ನಿನ್ನ ಮಾತು ಅವರು ಕೇಳ್ತಾರೆ" ಎಂದು ದಿನಾ ಬೆಳಿಗ್ಗೆ ನನ್ನ ಬುತ್ತಿ ಕಟ್ಟುವಾಗ ಹೇಳುತ್ತಾಳೆ. ಮೀನಿನ ದೊಡ್ಡ ತುಂಡು ಈಗಲೂ ನನ್ನ ಬುತ್ತಿಗೇ. ಇದರ ಮೇಲೆ ಡಿಸೆಂಬರ್ ಒಂದರಿಂದ ದಣಿಗಳು ನನ್ನನ್ನು ಕಾರ್ಕಳದ ಘಟಕಕ್ಕೆ ಕಳುಹಿಸುತ್ತಿದ್ದಾರೆ, ಅಲ್ಲಿಯವರಿಗೆ ಇದನ್ನೇ ಕಲಿಸಲು. ಅಲ್ಲಿಯೂ ಆರು ಮೇಜುಗಳಿವೆ. ಹೋಗುವುದಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ, ಹೋದರೆ ಅಲ್ಲಿ ಯಾರ ಕಣ್ಣು ಹೇಗಿದೆ ಎಂದು ನೋಡುವ ಧೈರ್ಯವೂ ಇಲ್ಲ. ಏನೂ ತೋಚುವುದಿಲ್ಲ ಮಾವಾ.

ತೃಷಾಳಿಗೆ ಅಕ್ಕ ಮತ್ತು ನಾನು ಕೇಳಿದೆವೆಂದು ತಿಳಿಸಿ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ, ಕಿವಿಯ ಮಿಷನ್ ಬೇಡವೆಂದರೆ ಬಿಡಿ. ಆಶೀರ್ವಾದ ಕೇಳುವ ಮುಖ ನನಗಿಲ್ಲ. ಅಕ್ಕನಿಗೆ ಮಾಡಿ.

ನಿಮ್ಮ ಸೋದರಳಿಯ,
ವಿನೀತ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಕ್ಕ ಒಂದು ಡಬ್ಬ ತಂದಿಟ್ಟಳು. ಪಂಪ್‌ವೆಲ್‌ನ ಅಂಗಡಿಯಿಂದ ಬೆರಕೆ ಗೇರುಬೀಜ ತರಿಸಿ ಮೂರು ದಿನ ಜಗಲಿಯಲ್ಲಿ ಕೂತು ನಿಮಗಾಗಿ ಆರಿಸಿದ್ದಾಳೆ. "ಎಲ್ಲ ನೂರ ಎಂಬತ್ತು, ಒಂದೂ ತಪ್ಪಿಲ್ಲ. ಮಾವ ನೋಡಿ ಎರಡು ಸಾಲು ಬರೀಲಿ, ಅದನ್ನು ಹಿಡ್ಕೊಂಡು ನಾನೇ ದಣಿಗಳ ಹತ್ರ ಹೋಗ್ತೇನೆ" ಎನ್ನುತ್ತಾಳೆ. ಮುಚ್ಚಳ ತೆಗೆದು ನೋಡಿದೆ. ಮೂರು ಗಾತ್ರದವು ಕೂಡಿವೆ, ಚೂರುಗಳೂ ಇವೆ. ಸರಿ ಮಾಡಲು ಕೈ ಹಾಕಿ ಹಿಂದೆಗೆದೆ. ಹಾಗೆಯೇ ಕಳುಹಿಸುತ್ತಿದ್ದೇನೆ. ಅವಳು ಸುಳ್ಳು ಹೊಗಳಿಕೆಯ ಕಾಗದ ಹಿಡಿದು ದಣಿಗಳ ಹತ್ತಿರ ಹೋಗಬಾರದು ಮಾವಾ. ನಿಮಗೆ ಕಂಡದ್ದನ್ನೇ ಬರೆಯಿರಿ, ಅವಳ ಟ್ರೇಗೆ ನಂಬರ್ ಅಂಟಿಸಿದ್ದು ನಾನು ಎಂಬುದನ್ನೂ ಬರೆಯಿರಿ. ಈಗ ಅವಳಿಗೆ ಅಕ್ಷರ ಕಾಣುವುದಿಲ್ಲ, ನಿಮ್ಮ ಕಾಗದ ಓದಿ ಹೇಳಬೇಕಾದವನು ನಾನೇ. ನನ್ನ ಬಾಯಿಂದ ತಾನಾಗಿ ಆ ಮಾತು ಬರುವುದಿಲ್ಲ. ನಿಮ್ಮ ಅಕ್ಷರದಲ್ಲಿದ್ದರೆ ಒಂದು ಸಾಲೂ ಬಿಡದೆ ಓದುತ್ತೇನೆ.