ತಲೆಗೊಂದು ಪೆಟ್ಟಿಗೆ

ಮೇ 8, ಗುರುವಾರ

ಸೂಪಿಗೆ ಇವತ್ತೂ ಉಪ್ಪು ಜಾಸ್ತಿ. ಸ್ಕೂಲಿನ ಮಕ್ಕಳು ಏನೂ ಅನ್ನಲಿಲ್ಲ, ಪಾಪ. ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಇನ್ನು ಮೂರು ವಾರ ಬಡಿಸಿಬಿಟ್ಟರೆ ರಜೆ.

ಸಂಜೆ ಸೊಸೆ ಬಂದಿದ್ದಳು, ಕಾರ್ಲಾ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು.

"ಮೂವತ್ತೊಂದಕ್ಕೆ ಹೊರಡ್ತೀವಿ, ರಗ್ನಾ. ಟಕೋಮಾಕ್ಕೆ, ಅಣ್ಣನ ಮನೆಗೆ. ಅಲ್ಲೇ ಕೆಲಸ ಸಿಕ್ಕಿದೆ."

ಹೊರಡ್ತೀವಿ ಅಂದರೆ ಅವಳೂ ಟೋವಾನೂ. ನನ್ನ ಮೊಮ್ಮಗಳು. ಐದು ವರ್ಷ.

"ವಾಪಸ್ ಯಾವಾಗ?" ಗೊತ್ತಿದ್ದೂ ಕೇಳಿದೆ. ಅವಳು ಕೋಟಿನ ಗುಂಡಿ ಹಾಕ್ಕೊಂಡಳು.

ಆಗ ನನ್ನ ಬಾಯಲ್ಲಿ ಬಂದದ್ದೇನು? ಹೋಗ್ಬೇಡ ಅಂತಲಾ? ಅಲ್ಲ. "ಲಗೇಜ್ ಎಷ್ಟಿದೆ?" ಅಂದೆ. ಥೂ, ನನ್ನ ಬಾಯಿಗಿಷ್ಟು...

ಮೇ 9

ಎರಡು ಪೆಟ್ಟಿಗೆಯಂತೆ. ಬೆಳಿಗ್ಗೆಯೇ ಫೋನ್ ಮಾಡಿದೆ.

"ಟಿಕೆಟ್ ನಾನು ತೆಗೀತೀನಿ. ವಿಮಾನದವರ ಕ್ರೆಡಿಟ್ ಕಾರ್ಡ್ ಇದೆಯಲ್ಲ ನನ್ನ ಹತ್ರ. ಒಂದೇ ಬುಕ್ಕಿಂಗಲ್ಲಿದ್ದರೆ ತಲೆಗೊಂದು ಪೆಟ್ಟಿಗೆ ಪುಕ್ಕಟೆ. ಆದ್ರೆ ಕಾರ್ಡಿನವಳು ನಾನು, ನಾನೂ ಜೊತೇಲಿ ಇರ್ಬೇಕು."

"ಅಂದ್ರೆ... ನೀವೂ ಬರ್ತೀರಾ?"

"ಸಿಯಾಟಲ್‌ವರೆಗೆ. ಮಾರನೇ ದಿನ ಬೆಳಿಗ್ಗೆ ವಾಪಸ್. ನನ್ನ ಲೆಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಆಗತ್ತೆ. ಅದಕ್ಕೂ ನಿನ್ನ ಸಾಮಾನೇ ತುಂಬು."

"ಸರಿ" ಅಂದಳು. ಇಷ್ಟು ಬೇಗ ಒಪ್ತಾಳೆ ಅಂತ ನಾನು ಅಂದ್ಕೊಂಡಿರಲಿಲ್ಲ.

ಮೇ 10

ಪಕ್ಕದ ಮನೆ ಡೋರಿಸ್‌ಗೆ ಸುದ್ದಿ ಹೇಗೋ ಮುಟ್ಟಿದೆ. ಬೇಲಿ ಆಚೆಯಿಂದಲೇ ಶುರು. ಅವಳ ಮೀನಿನ ಡಬ್ಬಗಳೂ ಎಷ್ಟೋ ಸಲ ನನ್ನ ಕಾರ್ಡಿನ ಪುಣ್ಯದಲ್ಲಿ ಸಿಯಾಟಲ್ ಕಂಡಿವೆ. ಅದನ್ನೆಲ್ಲ ಮರೆತಿದ್ದಾಳೆ.

"ಅಲ್ವೇ ರಗ್ನಾ, ಪೆಟ್ಟಿಗೆ ದುಡ್ಡು ಉಳಿಸೋಕೆ ಒಂದು ಟಿಕೆಟ್ ತಗೊಳ್ಳೋದಾ? ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು!"

"ನಂಗೆ ಆ ಇಲಿನೇ ಬೇಕು, ನಿಂಗೇನು?" ಅಂದು ಒಳಗೆ ಬಂದೆ.

ಇಲ್ಲಿ ಬರೀಬಹುದು. ಟೋವಾ ಪಕ್ಕ ಒಂದಷ್ಟು ಹೊತ್ತು ಕೂರಬೇಕು. ಅಷ್ಟೇ ಅಲ್ಲ. ಕಾರ್ಲಾಗೆ ಒಂದು ಮಾತು ಹೇಳಬೇಕು. ಹೇಳದೆ ಕಳಿಸಿದರೆ ಆ ಮಗು ಮತ್ತೆ ನನ್ನ ಮನೆ ಮೆಟ್ಟಿಲು ಹತ್ತೋದಿಲ್ಲ, ನಂಗೊತ್ತು.

ಮೇ 17, ಹಬ್ಬ

ಈ ಊರು ಕಟ್ಟಿದ ನಾರ್ವೆಯವರ ಹಬ್ಬ. ಊರೆಲ್ಲ ಬೀದಿಯಲ್ಲಿ. ಟೋವಾ ಕೆಂಪು ಲಂಗ ಹಾಕ್ಕೊಂಡು ಮೆರವಣಿಗೇಲಿ ನಡೆದಳು. ನಾನು ಊರಿನ ಸಭಾಭವನದಲ್ಲಿ ಆಲೂಗಡ್ಡೆ ರೊಟ್ಟಿ ಬೇಯಿಸ್ತಾ ಇದ್ದೆ. ಅದೇ ಭವನ. ಅದೇ ಉದ್ದದ ಮೇಜು.

ಫೆಬ್ರವರಿಯಲ್ಲಿ ಇಲ್ಲೇ ಎರ್ಲಿಂಗ್‌ನ ನೆನಪಿಗೆ ಊರವರಿಗೆ ಕಾಫಿ ಕೊಟ್ಟದ್ದು. ಏಡಿ ಹಿಡಿಯೋಕೆ ಹೋದ ನನ್ನ ಮಗ. ದೋಣಿಯೂ ಬರಲಿಲ್ಲ, ಅವನೂ ಬರಲಿಲ್ಲ. ಮಣ್ಣು ಮಾಡೋಕೆ ಮೈಯೂ ಸಿಗಲಿಲ್ಲ. ಅವತ್ತು ಅಷ್ಟು ಜನರ ಮುಂದೆ ಕಾರ್ಲಾಗೆ ಅಂದೆ — "ನಿನ್ನ ಹೊಸ ಅಡುಗೆಮನೆಗೋಸ್ಕರ ಹೋದ ಅವನು, ಆ ಹವೆಯಲ್ಲಿ."

ಕಪ್ ಕೆಳಗಿಟ್ಟು ಎದ್ದು ಹೋದಳು. ಅಲ್ಲಿಂದೀಚೆಗೆ ಬ್ಯಾಂಕಿನವರ ಜೊತೆ ಮಾತಾಡೋ ಹಾಗೆ ನನ್ನ ಜೊತೆ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಂದು ಎರಡೂ ಹೋಯಿತು.

ಮೇ 28

ಕಾರ್ಲಾ ಮನೇಲಿ ಪ್ಯಾಕಿಂಗ್. ಐವತ್ತು ಪೌಂಡ್ ಮೀರಬಾರದು. ಎರ್ಲಿಂಗ್ ಮೀನು ತೂಗ್ತಿದ್ದ ತಕ್ಕಡಿ ಕೊಕ್ಕೆಗೆ ಒಂದೊಂದೇ ಪೆಟ್ಟಿಗೆ ನೇತುಹಾಕಿದ್ವಿ. "ನನ್ನೂ ತೂಗು ಅಜ್ಜಿ, ನಂಗೂ ದುಡ್ಡು ಬೇಡ ಅಂತಾರಾ?" ಅಂತ ಟೋವಾ ಒಂದೇ ಹಟ.

ಅಡುಗೆಮನೆ ಅರ್ಧಕ್ಕೇ ನಿಂತಿದೆ. ಗೋಡೆಗೆ ಬಾಗಿಲಿಲ್ಲದ ಕಪಾಟು. ಆ ಕಡೆ ನೋಡಲಿಲ್ಲ ನಾನು. ಅವಳೂ ನೋಡಲಿಲ್ಲ.

ನನ್ನ ಲೆಕ್ಕದ ಪೆಟ್ಟಿಗೆಗೆ ಎರ್ಲಿಂಗ್‌ನ ಸ್ವೆಟರ್‌ಗಳನ್ನ ತುಂಬಿದಳು. ನಾನು ಹೆಣೆದವು. "ಇವನ್ನ ಬಿಟ್ಟು ಹೋಗ್ಬೇಕು ಅಂದ್ಕೊಂಡಿದ್ದೆ, ಜಾಗ ಇರಲಿಲ್ಲ" ಅಂದಳು. ಈಗ ಹೇಳಿಬಿಡೋಣ ಅಂದ್ಕೊಂಡೆ.

"ಟೇಪ್ ಕೊಡು" ಅಂದೆ.

ಮೇ 31, ವಿಮಾನದಲ್ಲಿ

ಕೌಂಟರಿನಲ್ಲಿ ಲಾನೆಟ್ ಇದ್ದಳು. ಸಣ್ಣ ಊರು, ಎಲ್ಲರ ಜಾತಕ ಅವಳ ಕಂಪ್ಯೂಟರಲ್ಲಿ. ಮೂರು ಪೆಟ್ಟಿಗೆಗೂ ಚೀಟಿ ಅಂಟಿಸ್ತಾ ನಕ್ಕಳು.

"ಕಾರ್ಲಾ, ನಿನ್ನ ಹೆಸರಲ್ಲೂ ಇದೇ ಕಾರ್ಡ್ ಇದೆಯಲ್ಲೇ, ಮಾರ್ಚಿಂದ! ನಿಂದು, ಮಗೂದು ಹೇಗೂ ಪುಕ್ಕಟೆ ಆಗ್ತಿತ್ತು. ಅತ್ತೆನ ಯಾಕೆ ಸುಮ್ನೆ ಎಳ್ಕೊಂಡು ಹೊರಟಿದ್ದೀಯ?"

ಕಾರ್ಲಾ ಮುಖ ಕೆಂಪಾಯ್ತು. "ಇರಲಿ ಬಿಡಿ" ಅಂದಳು, ಅಷ್ಟೇ.

ಟೋವಾ ನಮ್ಮಿಬ್ಬರ ಮಧ್ಯೆ. ಈಗ ನನ್ನ ತೋಳಿಗೆ ತಲೆ ಕೊಟ್ಟು ಮಲಗಿದೆ. ಎಡಗೈ ಜೋಮು ಹಿಡಿದಿದೆ, ಅಲ್ಲಾಡಿಸಲ್ಲ. ನಡುವಿನ ಊರು ಕೆಚಿಕಾನ್ ದಾಟಿದ ಮೇಲೆ ಕೇಳಿಯೇಬಿಟ್ಟೆ.

"ಕಾರ್ಡ್ ಇತ್ತಲ್ಲ. ಯಾಕೆ ಹೇಳಲಿಲ್ಲ?"

ಕಿಟಕಿ ಕಡೆ ತಿರುಗಿಕೊಂಡು ಅಂದಳು, "ಹೇಳಿದ್ರೆ ನೀವು ಬರ್ತಿರಲಿಲ್ಲ."

ನಾನು ಬರಲಿ ಅಂತಲೇ ಸುಮ್ಮನಿದ್ದಳಾ? ಯಾಕೆ? ಕೇಳೋಕೆ ಧೈರ್ಯ ಬರ್ತಿಲ್ಲ. ನನ್ನ ಮಾತೂ ಇನ್ನೂ ಹೊರಗೆ ಬಂದಿಲ್ಲ. ಕೆಳಗೆ ಬರೀ ಮೋಡ.

ಜೂನ್ 1, ಬೆಳಿಗ್ಗೆ 6.20, ಸಿಯಾಟಲ್, ಗೇಟಿನ ಹತ್ರ

ನಿನ್ನೆ ರಾತ್ರಿ ಬರೆಯೋಕೆ ಕೈ ಬರಲಿಲ್ಲ.

ಪೆಟ್ಟಿಗೆ ಬರೋ ಬೆಲ್ಟಿನ ಹತ್ರ ನಿಂತಿದ್ವಿ. ಸುತ್ತ ಜನ. ಇರಲಿ, ಅವತ್ತೂ ಜನರ ಮುಂದೆಯೇ ಅಂದದ್ದಲ್ವಾ ಅಂತ ಶುರುಮಾಡಿದೆ.

"ಕಾರ್ಲಾ, ಅವತ್ತು ಸಭಾಭವನದಲ್ಲಿ ನಾನಂದದ್ದು ತಪ್ಪು. ಹೊಟ್ಟೆ ಉರೀತಿತ್ತು, ನಿನ್ನ ಮೇಲೆ ಹಾಕಿದೆ. ಕ್ಷಮಿಸು. ಅವನು ಹೋದದ್ದು ನಿನ್ನಿಂದಲ್ಲ."

ಅವಳು ಅಳಲಿಲ್ಲ. ಬೆಲ್ಟನ್ನೇ ನೋಡ್ತಾ ಹೇಳಿದಳು.

"ನನ್ನಿಂದಲೇ. ಅವತ್ತು ಬೆಳಿಗ್ಗೆ ಎರ್ಲಿಂಗ್ ಹೋಗಲ್ಲ ಅಂದಿದ್ದ, ರಗ್ನಾ. ಗಾಳಿ ಸರಿಯಿಲ್ಲ ಅಂದ. ಬಡಗಿಗೆ ದುಡ್ಡಿನ ಮಾತು ಕೊಟ್ಟಾಗಿದೆ, ಎಲ್ಲರೂ ಹೋಗ್ತಿದ್ದಾರೆ, ನಿನ್ನೊಬ್ಬನಿಗೇ ಏನು ಭಯ ಅಂದೆ. ಬೂಟು ಹಾಕ್ಕೊಂಡು ಹೋದ. ಇದನ್ನ ಹೇಳಬೇಕಿತ್ತು ನಿಮಗೆ. ಅದಕ್ಕೇ ಬರಲಿ ಅಂದ್ಕೊಂಡೆ."

ಮೂರು ಪೆಟ್ಟಿಗೆಯೂ ಬಂದ್ವು. ಹೊರಗೆ ಅವಳ ಅಣ್ಣನ ಕಾರು. ಟೋವಾ ನನ್ನ ಕೋಟು ಎಳೀತಿದ್ದಳು. ಮತ್ತೆ ನಾನೇನಂದೆ? "ಕಾರು ಕಾಯ್ತಿದೆ, ಹೊರಡಿ." ಶಿಕ್ಷೆ ಕೇಳಿಸ್ಕೊಂಡವಳ ಹಾಗೆ ತಲೆ ಆಡಿಸಿ ಹೋದಳು.

ಕೋಪ ಬಂತಾ? ಬಂತು. ಇಲ್ಲಿ ಸುಳ್ಳು ಬರೆದು ಏನಾಗಬೇಕು. ನನ್ನ ಮಗ ಹೋಗಲ್ಲ ಅಂದಿದ್ದ. ಹೋಗಲ್ಲ ಅಂದಿದ್ದ ನನ್ನ ಕೂಸು.

ಆದರೆ ಈ ಕುರ್ಚಿಯಲ್ಲಿ ಕೂತು ಕೂತು ಇನ್ನೊಂದು ನೆನಪು ಬಿಡ್ತಾ ಇಲ್ಲ. ಅವನಪ್ಪನ್ನ ನಾನು ಮೂವತ್ತು ವರ್ಷ ಹಾಗೇ ಕಡಲಿಗೆ ಅಟ್ಟಿದ್ದೇನೆ. ಒಲೆ ಹಾಳಾಯ್ತು ಹೋಗು, ಹುಡುಗನ ಹಲ್ಲು ಕೀಳಿಸಬೇಕು ಹೋಗು, ನಿನ್ನೊಬ್ಬನಿಗೇನು ಭಯ, ಹೋಗು. ಅದೇ ಮಾತು. ಒಂದಕ್ಷರ ಬೇರೆಯಿಲ್ಲ. ಅವನು ಪ್ರತಿ ಸಲ ವಾಪಸ್ ಬಂದ. ಬೈದುಕೊಂಡು ಬಂದ, ನೆಂದು ಬಂದ, ಬಂದ. ಕಾರ್ಲಾಗಿಂತ ನಾನು ಒಳ್ಳೆಯವಳಾದದ್ದು ಅಷ್ಟರಿಂದಲೇ.

ಇದನ್ನ ಅವಳಿಗೆ ಹೇಳದೆ ವಿಮಾನ ಹತ್ತಲ್ಲ. ಸಾಲು ಕರಗ್ತಾ ಇದೆ. ಗೇಟಿನ ಹುಡುಗಿ ನನ್ನ ಕಡೆ ನೋಡ್ತಿದ್ದಾಳೆ. ನೋಡಲಿ.

ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು, ಅವಳೂ ಮಲಗಿಲ್ಲ. ಉಸಿರು ಕೇಳ್ತಿದೆ. ಕಾರ್ಲಾ, ಅಂದೆ, ನಾನೂ ಅವನಪ್ಪನಿಗೆ —