ಹಲ್ಲಿನ ನಡುವೆ ನೂಲು

ಅಲ್ಮಾಟಿ, ನವೆಂಬರ್ ೧೨, ಮಂಗಳವಾರ

ನನ್ನ ಅಮ್ಮಾ,

ಮೊಣಕಾಲು ನೋವು ಹೇಗಿದೆ? ಒಂಟೆಯುಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇನ್ನೂ ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ಅಪ್ಪನ ಕೆಮ್ಮು ಇಳಿಯಿತೇ? ಅಬಿಲ್‌ಗೆ ನಾಲ್ಕು ತಿಂಗಳು ತುಂಬಿತು. ನಿನ್ನ ಹಾಗೆಯೇ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ರಾತ್ರಿ ಅವನು ಅತ್ತರೆ ನನಗೆ ನಿದ್ದೆಯಿಲ್ಲ, ಅಳದಿದ್ದರೆ ಮೊದಲೇ ಇಲ್ಲ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ. ನಗಬೇಡ. ನಿನ್ನ ಅಳಿಯ ದೌಲೆತ್ ಎಣ್ಣೆಬಾವಿಯ ಪಾಳಿ ಮುಗಿಸಿ ಮನೆಗೆ ಬರುವುದು ಮುಂದಿನ ತಿಂಗಳೇ. ಅಲ್ಲಿಯವರೆಗೆ ಅವರ ಅಕ್ಕ ಬಿಕೆಶ್ ಮನೆಯಲ್ಲಿ ನಾನು, ಮಗು. ಫೋನು ಹಿಡಿದರೆ ಬಿಕೆಶ್ ಪಕ್ಕದಲ್ಲೇ ಬಂದು ಕೂರುತ್ತಾರೆ, ಅದಕ್ಕೇ ಈ ಕಾಗದ. ಪಕ್ಕದ ಮನೆಯವಳಿಗೆ ರೈಲಿನಲ್ಲಿ ಕೆಲಸ; ನಾಳೆ ನಿಮ್ಮೂರಿನ ನಿಲ್ದಾಣದಲ್ಲಿ ಕೊಡುತ್ತಾಳೆ.

ಬಿಕೆಶ್ ಸಿನಿಮಾಗಳಿಗೆ ಜನ ಒದಗಿಸುವವರೆಂದು ನಿನಗೆ ಗೊತ್ತು. ಈಗಿನದು ಬರಗಾಲದ ಚಿತ್ರವಂತೆ, ಹುಲ್ಲುಗಾವಲು ಬಿಟ್ಟು ಹಸಿದು ನಡೆಯುವ ಗುಂಪಿಗೆ ಹೆಂಗಸರು ಬೇಕಂತೆ. "ಮನೇಲಿ ಕೂತು ಮಗು ಉಸಿರು ಎಣಿಸೋ ಬದಲು ಬಾ, ಸ್ವಲ್ಪ ಗಾಳಿಯಾಡುತ್ತೆ" ಎಂದರು. ನಿನ್ನೆ ಉಡುಪಿನ ಅಳತೆ ನೋಡಿಸಲು ಹೋದೆವು. ಕುರಿಚರ್ಮ, ನುಸಿಗುಳಿಗೆಗಳ ವಾಸನೆ ತುಂಬಿದ ಗೋದಾಮು. ಹುಡುಗಿಯರು ಹೊಸ ಹತ್ತಿಕೋಟುಗಳನ್ನು ತಂತಿಬ್ರಷ್‌ನಿಂದ ಉಜ್ಜಿ ಹರಕು ಮಾಡುತ್ತಿದ್ದರು, ಚಹಾದ ನೀರಲ್ಲಿ ಅದ್ದಿ ಕೊಳೆ ಮಾಡುತ್ತಿದ್ದರು. ಉಡುಪು ನೋಡಿಕೊಳ್ಳುವ ರೌಶನ್ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಈ ಕಣ್ಣಿನ ಕೆಳಗಿನ ಕಪ್ಪು ನೋಡ್ರೇ. ಬಣ್ಣದವರಿಗೆ ಒಂದು ಕೆಲಸ ಕಮ್ಮಿ. ಶುಕ್ರವಾರ ಶೂಟಿಂಗ್ ಮುಗಿಯೋವರೆಗೆ ನಿದ್ದೆ ಮಾಡ್ಬೇಡ ತಾಯಿ." ಎಲ್ಲರೂ ನಕ್ಕರು, ನಾನೂ ನಕ್ಕೆ.

ಕೋಟು ಸಡಿಲವಾಗಿತ್ತು. ಮೈಮೇಲೆಯೇ ಹೊಲಿಯಬೇಕೆಂದು ರೌಶನ್ ಒಂದು ತುಂಡು ನೂಲನ್ನು ನನ್ನ ಹಲ್ಲಿನ ನಡುವೆ ಇಟ್ಟಳು, ಬಟ್ಟೆಯ ಜೊತೆ ಬುದ್ಧಿಯೂ ಹೊಲಿದುಹೋಗಬಾರದೆಂದು ನೀನು ಇಡುತ್ತಿದ್ದೆಯಲ್ಲ, ಹಾಗೇ. "ಕಚ್ಕೊಂಡಿರು. ಮಾತಾಡಿದ್ಯೋ, ಬುದ್ಧಿನೂ ಸೇರಿಸಿ ಹೊಲಿದುಬಿಡ್ತೀನಿ." ಸೂಜಿ ಕುತ್ತಿಗೆಯ ಹತ್ತಿರ ಇರುವಾಗ ನಿರ್ದೇಶಕರ ಸಹಾಯಕ ಬಂದ. ಅಬಿಲ್ ಬಿಕೆಶ್ ತೊಡೆಯ ಮೇಲೆ ಮಲಗಿದ್ದ. ದಾರಿಯಲ್ಲಿ ಸತ್ತ ಕೂಸನ್ನು ಎತ್ತಿಕೊಂಡೇ ನಡೆಯುವ ಒಬ್ಬ ತಾಯಿ ಬೇಕಂತೆ. "ಗೊಂಬೆ ಎತ್ಕೊಂಡ್ರೆ ತೋಳಲ್ಲೇ ಗೊತ್ತಾಗ್ಬಿಡುತ್ತೆ. ಇವನು ಹೀಗೇ ಮಲಗಿದ್ರೆ ಸಾಕು. ಏನಮ್ಮ, ಆಗಬಹುದಾ?" ಎಂದು ನನ್ನನ್ನೇ ಕೇಳಿದ. ಅಮ್ಮಾ, ನನ್ನ ಬಾಯಲ್ಲಿ ನೂಲಿತ್ತು. ತಲೆ ಅಲ್ಲಾಡಿಸಿದರೆ ಸೂಜಿ. ಇಷ್ಟು ಓದಿದವಳು, ಉಗುಳಿ ಬೇಡ ಎನ್ನಬಹುದಿತ್ತು; ಕಚ್ಚಿದ್ದನ್ನು ಬಿಡಲೇ ಇಲ್ಲ. "ನಮ್ಮನೆ ಸೊಸೆ ಇಲ್ಲ ಅನ್ನೋಳಲ್ಲ" ಎಂದರು ಬಿಕೆಶ್. ಕೊನೆಯ ಹೊಲಿಗೆ ಬೀಳುವಷ್ಟರಲ್ಲಿ ಅಬಿಲ್‌ನನ್ನು ಬೂದುಬಟ್ಟೆಯಲ್ಲಿ ಸುತ್ತಿ, ಮುಖದ ಮೇಲೂ ಎಳೆದು, ನನ್ನ ಕೈಗಿಟ್ಟು ಫೋಟೋ ತೆಗೆದರು.

ಮನೆಗೆ ಬಂದು ಬೇಡವೆಂದೆ. "ಆಗ ಬಾಯಲ್ಲಿ ಏನಿತ್ತು?" ಎಂದರು ಬಿಕೆಶ್. ನೂಲು ಎಂದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೆಟ್ಟವರೇನಲ್ಲ, ಮಾಂಸದ ಒಳ್ಳೆಯ ತುಂಡನ್ನು ನನ್ನ ತಟ್ಟೆಗೇ ಹಾಕಿ, "ಮಾತು ಕೊಟ್ಟಾಯ್ತು ಕಣೇ, ನನ್ನ ಮರ್ಯಾದೆ ಕಳೀಬೇಡ" ಎಂದರು. ದೌಲೆತ್‌ಗೆ ಹೇಳಿದರೆ, "ಅಕ್ಕ ಒಪ್ಪಿದ ಮೇಲೆ ನಂದೇನಿದೆ? ಮಲಗೋ ಮಗು ಮಲಗಿರುತ್ತೆ, ಅಷ್ಟೇ" ಎಂದರು. ಮಗು ಕಣ್ಣು ಮುಚ್ಚಿದರೆ ಬೂದುಬಟ್ಟೆಯೇ ಕಾಣುತ್ತದೆ. ಎಬ್ಬಿಸಿಬಿಡುತ್ತೇನೆ. ಅವನು ಅಳುತ್ತಾನೆ, ನನಗೆ ಸಮಾಧಾನವಾಗುತ್ತದೆ.

ಅಪ್ಪನಿಗೆ ನನ್ನ ಸಲಾಂ ಹೇಳು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ
ಮರ್ಜಾನ್

ಮತ್ತೆ: ಗುರುವಾರ ಬಿಕೆಶ್‌ಗೆ ಫೋನು ಮಾಡಿ ನನ್ನನ್ನೂ ಮಗುವನ್ನೂ ಕರೆಸಿಕೊ. ತವರಿನವರು ಕರೆದರೆ ಅವರು ತಡೆಯಲಾರರು. ನಿನಗೆ ಹುಷಾರಿಲ್ಲ ಅಂತ ಹೇಳು. ಬೇಡ, ಹಾಗೆ ಹೇಳಬೇಡ. ಅಪ್ಪನಿಗೆ ಅಂತಲೂ ಬೇಡ. ಯಾರಿಗೂ ಏನೂ ಆಗಿದೆ ಅನ್ನಬೇಡ ಅಮ್ಮಾ. ಸುಮ್ಮನೆ ಬಾ ಅನ್ನು.